ಶಿವಮೊಗ್ಗ 'ಸಿಟಿ ಲೋಕಲ್' ಕಾರ್ ಪ್ಯಾಕೇಜ್: ಡ್ರೈವರಿಗೆ ಫುಲ್ ಮಾರ್ಕ್ಸ್, ಪಟ್ಟಿ ಮಾಡಿದೋರಿಗೆ ಪಾಸ್ ಮಾರ್ಕ್ಸೂ ಕಷ್ಟ

ಮೊದ್ಲೇ ಹೇಳ್ಬಿಡ್ತೀನಿ, ಇದು ಜೋಗ, ಆಗುಂಬೆ ಟೂರಿನ ರಿವ್ಯೂ ಅಲ್ಲ. ಬಸ್ ಸ್ಟ್ಯಾಂಡ್ ಸುತ್ತಮುತ್ತ ಇರೋ ಟ್ರಾವೆಲ್ಸ್‌ನೋರು 'ಸಿಟಿ ಲೋಕಲ್' ಅಂತ ಬೆಳಗ್ಗೆಯಿಂದ ಸಂಜೆ ತನಕ ಒಂದು ಕಾರು, ಒಬ್ರು ಡ್ರೈವರ್, ಕೈಗೊಂದು ಜೆರಾಕ್ಸ್ ಪಟ್ಟಿ ಕೊಡ್ತಾರಲ್ಲ, ಅದ್ರದ್ದು. ಟ್ರಾವೆಲ್ಸ್ ಹೆಸ್ರು ಹಾಕ್ತಿಲ್ಲ, ಹೆಚ್ಚುಕಮ್ಮಿ ಎಲ್ಲರ ಪಟ್ಟಿನೂ ಒಂದೇ ಥರ ಇರುತ್ತೆ, ಒಬ್ರನ್ನೇ ಬೈದು ಪ್ರಯೋಜನ ಇಲ್ಲ. ದಸರಾ ರಜೆಗೆ ಅಕ್ಕ, ಭಾವ, ಮಕ್ಕಳು ಬೆಂಗಳೂರಿಂದ ಬಂದಿದ್ರು, ಭಾವ ಮಂಡ್ಯದೋರು, "ಶಿವಮೊಗ್ಗದಲ್ಲಿ ನೋಡೋಕೆ ಏನೈತೆ, ಸೀದಾ ಜೋಗಕ್ಕೆ ಹೋಗ್ಬಿಡಾಣ" ಅಂತ ಶುರು ಮಾಡಿದ್ರು, ಆ ಮಾತಿಗೇ ನಾನು ಹಠಕ್ಕೆ ಬಿದ್ದು ಇದನ್ನ ಬುಕ್ ಮಾಡಿದ್ದು. ಮೂರು ಸಾವಿರದ ಇನ್ನೂರು ರೂಪಾಯಿ, ಎಂಬತ್ತು ಕಿಲೋಮೀಟರ್ ತನಕ, ಆಮೇಲಿಂದಕ್ಕೆ ಎಕ್ಸ್‌ಟ್ರಾ.

ಈಗ ಪಟ್ಟಿ ನೋಡಿ ಮಾರಾಯ್ರೆ. ಅರಮನೆ ಮ್ಯೂಸಿಯಂ, ಕೋಟೆ ಆಂಜನೇಯ, ಚರ್ಚು, ತ್ಯಾವರೆಕೊಪ್ಪ ಸಫಾರಿ, ಕೂಡ್ಲಿ, ಏರ್‌ಪೋರ್ಟ್, ಗಾಜನೂರು ಡ್ಯಾಮ್, ಕೊನೆಗೆ ಸಕ್ರೆಬೈಲು. ಇದನ್ನ ಬರೆದೋರು ಮ್ಯಾಪ್ ನೋಡಿದ್ದಾರೆ ಅಂತ ನಂಗನ್ಸಲ್ಲ. ತ್ಯಾವರೆಕೊಪ್ಪ ಇರೋದು ಸಾಗರ ರೋಡಲ್ಲಿ, ಕೂಡ್ಲಿ ಹೊಳೆಹೊನ್ನೂರು ಕಡೆ, ಗಾಜನೂರು ಸಕ್ರೆಬೈಲು ತೀರ್ಥಹಳ್ಳಿ ರೋಡಲ್ಲಿ. ಅಂದ್ರೆ ಊರಿಂದ ಒಂದು ದಿಕ್ಕಿಗೆ ಹೋಗಿ ವಾಪಸ್ ಬಂದು ಇನ್ನೊಂದು ದಿಕ್ಕಿಗೆ ಹೋಗೋದು, ಎಂಬತ್ತು ಕಿಲೋಮೀಟರ್ ಮುಗಿದು ಎಕ್ಸ್‌ಟ್ರಾ ಮೀಟರ್ ಓಡೋದು ಹೀಗೇನೇ. ಅದೂ ಅಲ್ದೆ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಗ್ಗೆ ಹನ್ನೊಂದರ ಒಳಗೆ ಹೋಗ್ಬೇಕು, ಆಮೇಲೆ ಆನೆಗಳನ್ನ ಕಾಡಿಗೆ ಬಿಟ್ಬಿಡ್ತಾರೆ, ಸಂಜೆ ನಾಲ್ಕಕ್ಕೆ ಕರ್ಕೊಂಡು ಹೋಗಿ ಏನು ಲದ್ದಿ ತೋರಿಸ್ತಾರಾ.

ಪುಣ್ಯಕ್ಕೆ ನಮಗೆ ಸಿಕ್ಕ ಡ್ರೈವರ್ ಅಣ್ಣ ಭದ್ರಾವತಿಯೋರು, ಪಟ್ಟಿ ನೋಡಿ ಅವರೇ ನಕ್ಕು "ಇದು ಆಫೀಸಿನೋರಿಗೆ, ನಾವು ನಮ್ಮ ಪ್ರಕಾರ ಹೋಗೋಣ ಬನ್ನಿ" ಅಂದ್ರು. ಈ ರಿವ್ಯೂ ಬರೀತಿರೋದೇ ಅವರಿಗೋಸ್ಕರ ಅಂದ್ಕೊಳ್ಳಿ.

ಬೆಳಗ್ಗೆ ಸೀದಾ ಸಕ್ರೆಬೈಲಿಗೆ ಬಿಟ್ರು. ದಾರಿಲಿ ಅವರು ತೋರಿಸಿದ್ದು ನಾನೂ ಇಷ್ಟು ವರ್ಷದಲ್ಲಿ ಗಮನ ಇಟ್ಟು ನೋಡಿರ್ಲಿಲ್ಲ. ಊರು ದಾಟಿ ಗಾಜನೂರು ಬರೋಷ್ಟರಲ್ಲಿ ಗದ್ದೆ ತೋಟದ ಬಯಲು ಮುಗಿದು ಗುಡ್ಡ ಕಾಡು ಶುರುವಾಗುತ್ತೆ. "ಮಲೆನಾಡಿನ ಹೆಬ್ಬಾಗಿಲು ಅಂತ ಬೋರ್ಡಲ್ಲಿ ಬರೀತಾರಲ್ಲ ಸಾರ್, ಬಾಗಿಲು ಅಂದ್ರೆ ಬಾಗಿಲೇ, ಮನೆ ಒಳಗಲ್ಲ" ಅಂದ್ರು ಭಾವನಿಗೆ. ನಿಜ ಅಲ್ವಾ, ಶಿವಮೊಗ್ಗಕ್ಕೆ ಬಂದು "ಎಲ್ಲಿ ಮಂಜು, ಎಲ್ಲಿ ಬೆಟ್ಟ" ಅಂತ ಕೇಳೋರಿಗೆ ಇದೇ ಉತ್ತರ. ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ ತುಂಗಾ ದಂಡೆ ಮೇಲೆ ಹೆಚ್ಚುಕಮ್ಮಿ ಸಮತಟ್ಟಾಗಿ ಕೂತಿರೋ ಊರಿದು. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಆದ್ರೆ ನಮ್ಮ ಸಿಟಿಲಿ ಅದರ ಕಾಲು ಭಾಗನೂ ಬರಲ್ಲ, ಮಾರ್ಚ್ ಏಪ್ರಿಲ್‌ನಲ್ಲಂತೂ ಬಯಲುಸೀಮೆ ಥರನೇ ಸೆಕೆ. ಆದ್ರೆ ಮೇಲಿನ ಮಳೆ ಎಲ್ಲಾ ಹೊಳೆಲಿ ನಮ್ಮೂರಿಗೇ ಇಳಿದು ಬರುತ್ತೆ.

ಆನೆ ನೋಡಿದ್ವಿ, ಮಕ್ಕಳಿಗೆ ಖುಷಿ, ಅದ್ರ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲಾ ಕಡೆ ರೀಲ್ಸ್ ಇದೆ. ವಾಪಸ್ ಬರ್ತಾ ಡ್ಯಾಮ್ ಹತ್ರ ಐದು ನಿಮಿಷ ನಿಲ್ಸಿದ್ರು. ಚಿಕ್ಕ ಡ್ಯಾಮು, ಮುಂಗಾರು ಶುರುವಾಗಿ ಸ್ವಲ್ಪ ದಿನಕ್ಕೇ ತುಂಬಿ ಗೇಟ್ ಎತ್ತುತ್ತಾರೆ.

ಅಲ್ಲಿಂದ ಸೀದಾ ಊರೊಳಗೆ ಕೋರ್ಪಲಯ್ಯನ ಛತ್ರದ ಹತ್ರ ಹೊಳೆ ದಂಡೆಗೆ. ಇದು ಪಟ್ಟಿಲೇ ಇಲ್ಲ! ಹೊಳೆ ಒಳಗೆ ಒಂದು ಕಲ್ಲಿನ ಮಂಟಪ ಇದೆ, ಶಿವಮೊಗ್ಗದೋರಿಗೆ ಹವಾಮಾನ ಇಲಾಖೆಗಿಂತ ಅದೇ ಮುಖ್ಯ. ಗಾಜನೂರಲ್ಲಿ ಎಷ್ಟು ಕ್ಯೂಸೆಕ್ ಬಿಟ್ರು ಅಂತ ಯಾರಿಗೂ ತಲೆಗೆ ಹೋಗಲ್ಲ, "ಮಂಟಪ ಮುಳುಗ್ತಾ?" ಅಂತ ಕೇಳ್ತಾರೆ ಅಷ್ಟೇ, ಮುಳುಗಿದ್ರೆ ತಗ್ಗಿನ ಬಡಾವಣೆಯೋರು ಸಾಮಾನು ಮೇಲೆತ್ತೋಕೆ ಶುರು, ಉಳಿದೋರು ಛತ್ರಿ ಹಿಡ್ಕೊಂಡು ಸೇತುವೆ ಮೇಲೆ ನೋಡೋಕೆ ಹಾಜರ್. ನಾವು ಹೋದಾಗ ಮಂಟಪ ಪೂರ್ತಿ ಕಾಣ್ತಿತ್ತು, ಕಂಬದ ಬುಡದಲ್ಲಿ ಕಸಕಡ್ಡಿ ಸಿಕ್ಕಾಕೊಂಡು ಒಣಗಿತ್ತು, ಡ್ರೈವರ್ ಅಣ್ಣ ನೀರು ಎಲ್ಲಿ ತನಕ ಬರುತ್ತೆ ಅಂತ ಕೈಯಲ್ಲಿ ತೋರಿಸಿದ್ರು, ನನ್ನ ಅಕ್ಕನ ಮಗ ನಂಬಲೇ ಇಲ್ಲ. ಈಗ ಸ್ಮಾರ್ಟ್ ಸಿಟಿ ದುಡ್ಡಲ್ಲಿ ದಂಡೆ ಉದ್ದಕ್ಕೂ ವಾಕಿಂಗ್ ಪಾತ್ ಮಾಡಿದ್ದಾರೆ, ನೋಡೋಕೆ ಚೆಂದ, ನೆರಳು ಮಾತ್ರ ಸಾಲದು, ಮಧ್ಯಾಹ್ನ ಹೋದ್ರೆ ಹೆಂಚಿನ ಮೇಲೆ ನಿಂತಂಗೆ.

ಆಮೇಲೆ ಅರಮನೆ. ಇಲ್ಲೇ ಪಟ್ಟಿ ಹಿಂದುಗಡೆ ಪ್ರಿಂಟ್ ಹಾಕಿರೋ 'ಶಿವಮೊಗ್ಗ ಇತಿಹಾಸ' ಅನ್ನೋದರ ಮೇಲೆ ನನ್ನ ಜಗಳ. ಅದ್ರಲ್ಲಿ "ಶಿವಪ್ಪನಾಯಕನು ಶಿವಮೊಗ್ಗವನ್ನು ರಾಜಧಾನಿ ಮಾಡಿಕೊಂಡು ಈ ಅರಮನೆ ಕಟ್ಟಿಸಿದನು" ಅಂತಿದೆ. ಎರಡೂ ಸರಿ ಇಲ್ಲ. ಕೆಳದಿ ಅರಸರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು, ಅಂದ್ರೆ ಈಗ ಹೊಸನಗರ ತಾಲೂಕಲ್ಲಿರೋ ನಗರ. ಶಿವಪ್ಪನಾಯಕ ಆಳಿದ್ದು 1645ರಿಂದ 1660, 'ಶಿಸ್ತು' ಅನ್ನೋ ಅವನ ಭೂಕಂದಾಯ ಪದ್ಧತಿ ಇವತ್ತಿಗೂ ಪಾಠದಲ್ಲಿದೆ. ಈಗ ಇರೋ ಬೀಟೆ ಮರದ ಕಟ್ಟಡ ಆಮೇಲಿನ ಶತಮಾನದ್ದು, ಹೈದರಾಲಿ ಕಾಲದ್ದು ಅಂತ ಇತಿಹಾಸ ಬಲ್ಲೋರು ಹೇಳ್ತಾರೆ, ಹೆಸ್ರು ಮಾತ್ರ ಶಿವಪ್ಪನಾಯಕನದ್ದು. ಹೈದರ್ 1763ರಲ್ಲಿ ಬಿದನೂರು ಗೆದ್ದ ಮೇಲೆ ಈ ಸೀಮೆ ಎಲ್ಲಾ ಮೈಸೂರಿನ ಕೈಗೆ ಬಂತು. ಅದಾಗಿ ಮೂವತ್ತು ವರ್ಷದ ಒಳಗೇ, 1791ರ ಕೊನೆಲಿ, ಮರಾಠರ ಪರಶುರಾಮ ಭಾವು ಇಂಗ್ಲಿಷರ ತುಕಡಿ ಜೊತೆ ಸೇರ್ಕೊಂಡು ಟಿಪ್ಪು ಸೈನ್ಯನ ಶಿವಮೊಗ್ಗದ ಹತ್ರನೇ ಸೋಲಿಸಿದ್ದು, ಕೋಟೆ ಅವರ ವಶ ಆಗಿದ್ದು, ಇಂಥದ್ದೊಂದು ಯುದ್ಧ ನಮ್ಮೂರಲ್ಲಿ ಆಗಿದೆ ಅನ್ನೋದೇ ಇಲ್ಲಿ ಹುಟ್ಟಿ ಬೆಳೆದ ಅರ್ಧ ಜನಕ್ಕೆ ಗೊತ್ತಿಲ್ಲ, ಪಟ್ಟಿಲಿ ಅದೂ ಇಲ್ಲ. ಇನ್ನು 1830ರ ನಗರ ದಂಗೆ ಇದೆ, ಕಂದಾಯದ ಕಾಟ ತಡಿಲಾರದೆ ರೈತರು ಎದ್ದಿದ್ದು, ಅದನ್ನೇ ನೆಪ ಮಾಡ್ಕೊಂಡು ಮಾರನೇ ವರ್ಷ ಬ್ರಿಟಿಷರು ಇಡೀ ಮೈಸೂರಿನ ಆಡಳಿತನೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ಕೊಂಡ್ರು. ಮಲೆನಾಡಿನ ರೈತರ ಸಿಟ್ಟು ಅಷ್ಟು ದೂರ ಹೋಯ್ತು ನೋಡಿ.

ಮ್ಯೂಸಿಯಂ ಒಳಗೆ ಕಂಬಗಳು, ಮೇಲಿನ ಮಹಡಿ ಕಟಾಂಜನ ಚೆನ್ನಾಗಿದೆ, ವಿವರಣೆ ಬೋರ್ಡ್ ಕಮ್ಮಿ. ನಂಗೆ ಇಷ್ಟ ಆಗಿದ್ದು ಹೊರಗೆ ಹುಲ್ಲಿನ ಮೇಲೆ ಸಾಲಾಗಿ ನಿಲ್ಸಿರೋ ವೀರಗಲ್ಲುಗಳು. ಒಂದು ಕಲ್ಲಿನ ಮುಂದೆ ಡ್ರೈವರ್ ಅಣ್ಣ ಮಕ್ಕಳನ್ನ ಕೂರಿಸ್ಕೊಂಡು ಕೆಳಗಿಂದ ಮೇಲಕ್ಕೆ ಓದೋದು ಹೇಳಿಕೊಟ್ರು: ಕೆಳಗಿನ ಕೆತ್ತನೆಲಿ ಆಳು ಕಾದಾಡ್ತಾ ಇದ್ದಾನೆ, ನಡುವೆ ಅಪ್ಸರೆಯರು ಅವನನ್ನ ಎತ್ಕೊಂಡು ಹೋಗ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ನಂದಿ. ಅಕ್ಕನ ಮಗಳು ಮುಂದಿನ ಕಲ್ಲನ್ನ ತಾನೇ ಓದಿದ್ಲು, "ಇವ್ನು ದನ ಬಿಡ್ಸೋಕೆ ಹೋಗಿ ಸತ್ತಿದ್ದು" ಅಂತ, ಕೆಳಗೆ ದನಗಳ ಸಾಲು ಇತ್ತು. ಇಂಥ ಗೈಡ್ ಎಲ್ಲಿ ಸಿಗ್ತಾರೆ ಹೇಳಿ.

ಊಟದ ವಿಷಯಕ್ಕೆ ಬಂದ್ರೆ ಟ್ರಾವೆಲ್ಸ್‌ನೋರು ಹೈವೇ ಪಕ್ಕದ ಒಂದು ಹೋಟೆಲ್ಲಿಗೇ ಕರ್ಕೊಂಡು ಹೋಗ್ಬೇಕು ಅಂತ ಡ್ರೈವರಿಗೆ ಹೇಳಿರ್ತಾರೆ, ಎಂಥಕ್ಕೆ ಅಂತ ನಿಮಗೂ ಗೊತ್ತು. ಆಫೀಸಿಂದ ಫೋನ್ ಮೇಲೆ ಫೋನ್ ಬಂತು ಅಂತ ಹೋದ್ವಿ. ಅನ್ನ ಆರಿತ್ತು, ಸಾರಲ್ಲಿ ನೀರೇ ಜಾಸ್ತಿ, ಬಿಲ್ ಮಾತ್ರ ಬಿಸಿ ಬಿಸಿ. ನೀವು ಬುಕ್ ಮಾಡೋವಾಗಲೇ "ಊಟ ನಮ್ಮಿಷ್ಟ" ಅಂತ ಖಡಾಖಂಡಿತ ಹೇಳಿ, ದುರ್ಗಿಗುಡಿ ಕಡೆ ಯಾವ ಮೆಸ್ಸಿಗೆ ಹೋದ್ರೂ ಇದಕ್ಕಿಂತ ವಾಸಿ.

ಊಟ ಆದ್ಮೇಲೆ ನಾನೇ ಕೇಳ್ಕೊಂಡೆ ಅಂತ ಎಪಿಎಂಸಿ ಯಾರ್ಡಿಗೆ ಹೋದ್ವಿ. ಇದೂ ಪಟ್ಟಿಲಿಲ್ಲ. ಶಿವಮೊಗ್ಗ ಯಾಕೆ ಇಷ್ಟು ಬೆಳೀತು ಅಂತ ಯಾರಿಗಾದ್ರೂ ತೋರಿಸ್ಬೇಕು ಅಂದ್ರೆ ಅರಮನೆಗಿಂತ ಮೊದ್ಲು ಇಲ್ಲಿಗೆ ಕರ್ಕೊಂಡು ಬರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಮೇಲಿನ ಸೀಮೆ ಅಡಿಕೆ ಇಳಿಯೋದು ಇಲ್ಲಿ, ಬಯಲಿನ ವ್ಯಾಪಾರಿ ಮೇಲೇರಿ ಬರೋದೂ ಇಲ್ಲಿಗೆ, ಇಬ್ರೂ ಸೇರೋ ಜಾಗ ಇದು. ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ ಶುರುವಾಗಿದ್ದು 1939ರಲ್ಲಿ, ದಲ್ಲಾಳಿ ಹಿಡಿತದಿಂದ ಬೆಳೆಗಾರ ತಪ್ಪಿಸ್ಕೊಳ್ಳಲಿ ಅಂತ. ಗೋಣಿ ಬಾಯಿ ಬಿಚ್ಚಿಟ್ಟಿದ್ರು, ಅಡಿಕೆ ಚೊಗರಿನ ವಾಸನೆ ಗಮ್ ಅಂತ ಮೂಗಿಗೆ ಹೊಡೀತು, ಒಬ್ರು ಹಿರಿಯರು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡಿ ಏನೂ ಮಾತಾಡ್ದೆ ಮುಂದಿನ ಚೀಲಕ್ಕೆ ಹೋದ್ರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ದರ್ಜೆಗಳನ್ನ ಭಾವನಿಗೆ ವಿವರಿಸಿ ಸರಕಿನ ರೇಟ್ ಹೇಳಿದಾಗ ಕಬ್ಬು ಬೆಳೆಯೋ ಊರಿನ ಮನುಷ್ಯನ ಮುಖ ನೋಡ್ಬೇಕಿತ್ತು. "ಟನ್ನಿಗಾ?" ಅಂದ್ರು. "ಕ್ವಿಂಟಾಲಿಗೆ ಭಾವ" ಅಂದೆ. ಅಲ್ಲಿಂದ ಮುಂದೆ ಜೋಗದ ಮಾತೇ ಎತ್ಲಿಲ್ಲ.

ಪಟ್ಟಿಲಿ ಜನಸಂಖ್ಯೆ "ಸುಮಾರು 10 ಲಕ್ಷ" ಅಂತ ಬೇರೆ ಹಾಕಿದ್ದಾರೆ, ಎಲ್ಲಿಂದ ತಂದ್ರೋ. 2011ರ ಜನಗಣತಿಲಿ ಸಿಟಿ 3.22 ಲಕ್ಷ, ಇಡೀ ಜಿಲ್ಲೆ 17.5 ಲಕ್ಷ. 2001ರಲ್ಲಿ ಸಿಟಿ 2.74 ಲಕ್ಷ ಇತ್ತು. ಅಂದ್ರೆ ಹತ್ತು ವರ್ಷದಲ್ಲಿ ಸಿಟಿ ಶೇಕಡಾ 17ರಷ್ಟು ಬೆಳೆದ್ರೆ ಜಿಲ್ಲೆ ಶೇಕಡಾ 7 ಕೂಡ ಬೆಳೆದಿಲ್ಲ, ಹಳ್ಳಿ ಹುಡುಗ್ರು ಓದೋಕೆ ಕೆಲ್ಸಕ್ಕೆ ಅಂತ ಒಂದೋ ಇಲ್ಲಿಗೆ ಬಂದಿದ್ದಾರೆ, ಇಲ್ಲ ಬೆಂಗಳೂರಿಗೆ ಹೋಗಿದ್ದಾರೆ, ತೀರ್ಥಹಳ್ಳಿ ಹೊಸನಗರ ಕಡೆ ಮನೇಲಿ ವಯಸ್ಸಾದೋರೇ ಇರೋದು ನೋಡಿದ್ರೆ ಗೊತ್ತಾಗುತ್ತೆ. 2021ರಲ್ಲಿ ಆಗ್ಬೇಕಿದ್ದ ಗಣತಿ ಆಗ್ಲಿಲ್ಲ, ಈಗ ಊರು ಇನ್ನೂ ಬೆಳೆದಿದೆ, ಆದ್ರೂ ಹತ್ತು ಲಕ್ಷ ಅಂದ್ರೆ ಬಾಯಿಗೆ ಬಂದಿದ್ದು ಬರೆದಂಗೆ. ಡ್ರೈವರ್ ಅಣ್ಣ ಇದಕ್ಕೆ ಭದ್ರಾವತಿ ಕಥೆ ಸೇರಿಸಿದ್ರು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯನೋರ ಕನಸು, ಆಮೇಲೆ ಪೇಪರ್ ಮಿಲ್ಲು, ಒಂದು ಕಾಲದಲ್ಲಿ ಕೆಲಸ ಅಂದ್ರೆ ಶಿವಮೊಗ್ಗದೋರು ಅಲ್ಲಿಗೆ ಹೋಗೋರಂತೆ. ಅವರ ಅಪ್ಪ ಕಾರ್ಖಾನೇಲಿ ಇದ್ದೋರು, ಮಗ ಇಲ್ಲಿ ಕಾರು ಓಡಿಸ್ತಿದ್ದಾರೆ. ಸೈರನ್ ಕೂಗಿದ್ರೆ ಮನೇಲಿ ಅಮ್ಮ ಒಲೆ ಮೇಲೆ ಪಾತ್ರೆ ಇಡ್ತಿದ್ರು ಅಂದ್ರು, ಅಷ್ಟು ಹೇಳಿ ಗೇರ್ ಬದಲಾಯಿಸಿದ್ರು.

ಕೂಡ್ಲಿಗೆ ಹೋದಾಗ ಬಿಸಿಲು ಇಳಿದಿತ್ತು. ತುಂಗೆ ಭದ್ರೆ ಎರಡೂ ಗಂಗಾಮೂಲದಲ್ಲೇ ಹುಟ್ಟಿ ಬೇರೆ ಬೇರೆ ದಾರಿಲಿ ಊರೂರು ಸುತ್ತಿ ಬಂದು ಇಲ್ಲಿ ಸೇರೋದು, ಮುಂದಕ್ಕೆ ಹೊಸಪೇಟೆ ಹಂಪಿ ತನಕ ಹೋಗೋ ತುಂಗಭದ್ರೆ ಶುರುವಾಗೋದು ಈ ಜಾಗದಲ್ಲಿ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ, ಮಠಗಳಿವೆ. ಜಾಗ ಅದ್ಭುತ, ದಂಡೆ ಮೇಲೆ ಬಿಟ್ಟೋಗಿರೋ ಬಟ್ಟೆ ಪ್ಲಾಸ್ಟಿಕ್ ನೋಡಿದ್ರೆ ಮಾತ್ರ ಸಿಟ್ಟು ಬರುತ್ತೆ.

ಚರ್ಚು ಕಾರಿಂದಲೇ ನೋಡಿದ್ವಿ, ಸಫಾರಿ ಬಿಟ್ವಿ. ಏರ್‌ಪೋರ್ಟ್ ಸೆಲ್ಫಿ ಪಾಯಿಂಟ್ ಯಾಕೆ ಪಟ್ಟಿಲಿದೆ ಅಂತ ನಂಗೆ ಅರ್ಥ ಆಗಿಲ್ಲ. 2023ರ ಫೆಬ್ರವರಿಲಿ ಸೋಗಾನೆಲಿ ಉದ್ಘಾಟನೆ ಆಯ್ತು, ಕುವೆಂಪು ಹೆಸರಿಟ್ಟಿದ್ದಾರೆ, ಕಮಲದ ಆಕಾರದ ಟರ್ಮಿನಲ್, ಎಲ್ಲಾ ಸರಿ, ಆದ್ರೆ ವಿಮಾನ ಹತ್ತದೆ ಇರೋರು ಗೇಟ್ ಹೊರಗೆ ನಿಂತು ಏನು ಮಾಡೋದು? ಅದ್ರ ಬದ್ಲು ಮತ್ತೂರು ಹೊಸಹಳ್ಳಿ ಹಾಕ್ಬಹುದಿತ್ತು, ಹತ್ತಿರನೇ ಇದೆ, ಹೊಸಹಳ್ಳಿ ಗಮಕಕ್ಕೆ ಹೆಸರುವಾಸಿ. ಮತ್ತೂರಲ್ಲಿ ಸಂಸ್ಕೃತ ಕೇಳಿಸುತ್ತೆ ಅನ್ನೋದು ನಿಜ, ಆದ್ರೆ ಅಲ್ಲಿ ಬಹಳ ಮನೆಗಳಲ್ಲಿ ಮನೆಮಾತು ಸಂಕೇತಿ, ವೀಡಿಯೋದೋರು ಇದನ್ನ ಹೇಳಲ್ಲ.

ವಾಪಸ್ ಬಿ.ಎಚ್. ರೋಡಲ್ಲಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಾಗ ಭಾವ ಬಿ.ಎಚ್. ಅಂದ್ರೇನು ಅಂತ ಕೇಳಿದ್ರು. ಬೆಂಗಳೂರು–ಹೊನ್ನಾವರ. ಆ ರಸ್ತೆ, 1899ರಲ್ಲಿ ಬೀರೂರಿಂದ ಬಂದ ರೈಲು, ಈ ಎರಡರಿಂದಲೇ ಊರು ಕೋಟೆ ಬಿಟ್ಟು ಹೊರಗೆ ಬಂದಿದ್ದು. ಅಷ್ಟರಲ್ಲಿ ಡ್ರೈವರ್ ಅಣ್ಣ ರಾಜಕೀಯಕ್ಕೆ ಇಳಿದ್ರು, ಶಿವಮೊಗ್ಗದಲ್ಲಿ ಟ್ರಾಫಿಕ್ ಜಾಮ್ ಆದ್ರೆ ರಾಜಕೀಯ ಬರ್ಲೇಬೇಕು, ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲರು, ಯಡಿಯೂರಪ್ಪ ಅಂತ ನಾಲ್ಕು ಮುಖ್ಯಮಂತ್ರಿ ಎಣಿಸಿದ್ರು. ಪಟೇಲರು ದಾವಣಗೆರೆ ಅಲ್ವಾ ಅಂತ ಅಕ್ಕ ತೆಗೆದ್ಲು. ಪಟೇಲರ ತಾಲೂಕು ಚನ್ನಗಿರಿ ದಾವಣಗೆರೆ ಜಿಲ್ಲೆಗೆ ಹೋಗಿದ್ದು 1997ರಲ್ಲಿ, ಅದೂ ಪಟೇಲರೇ ಮುಖ್ಯಮಂತ್ರಿ ಆಗಿದ್ದಾಗ, ಅಲ್ಲಿ ತನಕ ನಮ್ಮದೇ, ಲೆಕ್ಕಕ್ಕೆ ತಗೋಬಹುದು ಅಂತ ನಾನು ತೀರ್ಪು ಕೊಟ್ಟೆ.

ಹಾಗಾಗಿ ಬುಕ್ ಮಾಡೋದಾದ್ರೆ ಮಾಡಿ, ದುಡ್ಡಿಗೆ ಮೋಸ ಇಲ್ಲ, ಆದ್ರೆ ಪಟ್ಟಿ ಹರಿದು ಹಾಕಿ, ಬೆಳಗ್ಗೆ ಸಕ್ರೆಬೈಲು, ಆಮೇಲೆ ಹೊಳೆ, ಅರಮನೆ, ಯಾರ್ಡು, ಸಂಜೆ ಕೂಡ್ಲಿ, ಈ ಆರ್ಡರ್ ಮೊದ್ಲೇ ಹೇಳಿ. ಡ್ರೈವರ್ ಲೋಕಲ್‌ನೋರೇ ಬೇಕು ಅಂತ ಒತ್ತಿ ಕೇಳಿ, ಮ್ಯೂಸಿಯಂ ವಾರದ ರಜೆ ಯಾವತ್ತು ವಿಚಾರಿಸ್ಕೊಳ್ಳಿ, ಏಸಿ ಚಾರ್ಜ್ ಸೇರಿದ್ಯಾ ಬೇರೆನಾ ಅಂತ ಬರೆಸ್ಕೊಳ್ಳಿ. ನಮಗೆ ಕೊನೆಗೆ ಏಸಿ ಅಂತ ಇನ್ನೂರು ಎಕ್ಸ್‌ಟ್ರಾ ಹಾಕಿದ್ರು, ಗಾಜನೂರು ದಾಟಿದ ಮೇಲೆ ಕಿಟಕಿ ಇಳಿಸಿದ್ದು ಮತ್ತೆ ಏರಿಸೇ ಇರ್ಲಿಲ್ಲ.