ಮೂಡಲ್ ಬೇಕಾ, ಗೂಗಲ್ ಕ್ಲಾಸ್‌ರೂಮ್ ಸಾಕಾ?

ಮಂಡ್ಯ ಕಡೆಯ ಕಾಲೇಜುಗಳಲ್ಲಿ ಆನ್‌ಲೈನ್ ಪಾಠಕ್ಕೆ ಮೂಡಲ್, ಗೂಗಲ್ ಕ್ಲಾಸ್‌ರೂಮ್ ಎಂಬ ಎರಡು ತಂತ್ರಾಂಶಗಳಲ್ಲಿ ಒಂದನ್ನು ಆರಿಸುವವರು ಮೊದಲು ನೋಡಬೇಕಾದ್ದು ಒಂದೇ: ಮಕ್ಕಳಿಗೆ ನೋಟ್ಸ್ ಬೇಗ ಸಿಗುತ್ತದಾ?

2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಶುರು ಮಾಡುವುದು ಸುಲಭ. ಸರ್ವರ್ ಬೇಡ, ಕೋಡ್ ಕೊಟ್ಟರೆ ಮಕ್ಕಳು ಸೇರುತ್ತಾರೆ. ತೊಂದರೆ ಇರುವುದು ಸ್ಟ್ರೀಮ್‌ನಲ್ಲಿ, ಅಂದರೆ ಪೋಸ್ಟ್‌ಗಳೆಲ್ಲ ಸಾಲಾಗಿ ಕಾಣುವ ಪುಟದಲ್ಲಿ. ಅಲ್ಲಿ ಹೊಸದು ಮೇಲೆ ಬರುತ್ತದೆ, ಮೊದಲ ವಾರದ ನೋಟ್ಸ್ ಎಲ್ಲೋ ಕೆಳಗೆ ಹೂತುಹೋಗುತ್ತದೆ. ಅದಕ್ಕೇ ಪಾಠವನ್ನೆಲ್ಲ ಕ್ಲಾಸ್‌ವರ್ಕ್ ಅನ್ನೋ ಇನ್ನೊಂದು ಪುಟದಲ್ಲಿ, ಘಟಕಕ್ಕೊಂದು ಟಾಪಿಕ್ ಮಾಡಿ ಹಾಕಬೇಕು. ಸ್ಟ್ರೀಮ್ ಬರೀ ಸೂಚನೆಗೆ ಇರಲಿ.

2002ರಿಂದ ಇರುವ ಮೂಡಲ್ ಉಚಿತ ತಂತ್ರಾಂಶ. ಆದರೆ ಸ್ವಂತ ಸರ್ವರ್‌ನಲ್ಲಿ ನಡೆಸಿದರೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಇದು ಸಣ್ಣ ಮಾತಲ್ಲ. ಬದಲಿಗೆ ಸಿಗುವುದೂ ಜಾಸ್ತಿ. ಪಾಠವನ್ನು ವಾರದ ಪ್ರಕಾರ ಇಡಬಹುದು, ವಿಷಯದ ಪ್ರಕಾರವೂ ಇಡಬಹುದು. ಓದಿ ಮುಗಿಸಿದ್ದಕ್ಕೆ ಗುರುತು ಬೀಳುತ್ತದೆ. ಒಂದು ಕ್ವಿಜ್ ಮುಗಿಸಿದ ಮೇಲೇ ಮುಂದಿನ ಪಾಠ ತೆರೆಯುವಂತೆ ಮಾಡಬಹುದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದರ ಮೊಬೈಲ್ ಆ್ಯಪ್: ಕಾಲೇಜು ಅವಕಾಶ ಕೊಟ್ಟಿದ್ದರೆ ಪಾಠ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಮದ್ದೂರು, ಪಾಂಡವಪುರದಿಂದ ದಿನಾ ರೈಲಲ್ಲಿ ಓಡಾಡುವ ಹುಡುಗರಿಗೆ ಇದು ದೊಡ್ಡ ಅನುಕೂಲ ಅಲ್ವಾ?

ಒಬ್ಬಿಬ್ಬರು ಮೇಷ್ಟ್ರು ಮಾತ್ರ ಬಳಸುವುದಾದರೆ ಕ್ಲಾಸ್‌ರೂಮ್ ಸಾಕು. ಇಡೀ ವಿಭಾಗಕ್ಕಾದರೆ, ನೋಡಿಕೊಳ್ಳುವವರೂ ಇದ್ದರೆ, ಮೂಡಲ್ಲೇ ಸರಿ. ಯಾವುದೇ ಆಗಲಿ, ಫೈಲಿಗೆ ‘ಸ್ಕ್ಯಾನ್ 3’ ಅಂತ ಸುಮ್ನೆ ಬಿಡಬೇಡಿ. ‘ಘಟಕ 2, ಬೇಡಿಕೆ ಮತ್ತು ಪೂರೈಕೆ’ ಅಂತ ಬರೆಯಿರಿ.