ಉಪಗುತ್ತಿಗೆದಾರರ ವಿಮಾ ಕಡತ ನೋಡಿಕೊಳ್ಳುವ ಆನ್‌ಲೈನ್ ಸೇವೆ: ಹದಿನಾಲ್ಕು ತಿಂಗಳ ಬಳಕೆಯ ಬಳಿಕ

ಉಪಗುತ್ತಿಗೆದಾರರ ವಿಮಾ ಪ್ರಮಾಣಪತ್ರಗಳನ್ನು ತರಿಸಿಕೊಂಡು, ಅವುಗಳ ಅವಧಿಯ ಮೇಲೆ ಕಣ್ಣಿಟ್ಟು, ಮುಗಿಯುವ ಮುನ್ನ ನೆನಪಿಸುವ ಆನ್‌ಲೈನ್ ಸೇವೆಯೊಂದನ್ನು ನಮ್ಮ ಕಚೇರಿಯಲ್ಲಿ ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇವೆ. ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಮೊದಲು ಈ ಕೆಲಸವೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತಿತ್ತು. ನಮ್ಮಲ್ಲಿ ಸುಮಾರು ನಲವತ್ತು ಉಪಗುತ್ತಿಗೆದಾರರಿದ್ದಾರೆ. ಒಬ್ಬೊಬ್ಬರಿಗೂ ಸಾಮಾನ್ಯ ಹೊಣೆಗಾರಿಕೆ, ಕಾರ್ಮಿಕರ ಪರಿಹಾರ, ವಾಹನ ಎಂದು ಕನಿಷ್ಠ ಮೂರು ಪಾಲಿಸಿಗಳಿದ್ದು, ಅವು ಬೇರೆ ಬೇರೆ ತಿಂಗಳಲ್ಲಿ ನವೀಕರಣಕ್ಕೆ ಬರುವುದರಿಂದ, ನೂರಕ್ಕೂ ಹೆಚ್ಚು ದಿನಾಂಕಗಳನ್ನು ಒಬ್ಬ ಗುಮಾಸ್ತರು ನೆನಪಿಟ್ಟುಕೊಳ್ಳಬೇಕಾಗಿತ್ತು. ಅವರು ರಜೆ ಹಾಕಿದ ವಾರದಲ್ಲೇ ಯಾರದಾದರೂ ಒಂದು ಪಾಲಿಸಿ ಮುಗಿದಿರುತ್ತಿತ್ತು.

ದಿನಾಂಕಗಳ ಮಟ್ಟಿಗೆ ಈ ಸೇವೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಅವಧಿ ಮುಗಿಯುವ 30, 15 ಮತ್ತು 7 ದಿನಗಳ ಮುಂಚೆ ಉಪಗುತ್ತಿಗೆದಾರರಿಗೂ ಅವರ ವಿಮಾ ಏಜೆಂಟರಿಗೂ ಮಿಂಚಂಚೆ ಹೋಗುತ್ತದೆ, ಹೊಸ ಪ್ರಮಾಣಪತ್ರವನ್ನು ಏಜೆಂಟರೇ ನೇರವಾಗಿ ಸೇರಿಸುತ್ತಾರೆ. ಈ ಎರಡನೆಯ ಅಂಶ ನನಗೆ ಹೆಚ್ಚು ಹಿಡಿಸಿತು. ಹಿಂದೊಮ್ಮೆ ನಮಗೆ ಬಂದಿದ್ದ ಒಂದು ಪ್ರತಿಯಲ್ಲಿ ಇಸವಿಯ ಕೊನೆಯ ಅಂಕಿ ಪಕ್ಕದ ಅಂಕಿಗಳಿಗಿಂತ ತುಸು ದಪ್ಪಗಿತ್ತು. ಏಜೆಂಟರಿಗೆ ಫೋನ್ ಮಾಡಿ ಕೇಳಿದಾಗ ಆ ಪಾಲಿಸಿ ಹಿಂದಿನ ವರ್ಷವೇ ಮುಗಿದಿತ್ತು. ಬಿಲ್ ಮಂಜೂರಾತಿಗೆ ಇದನ್ನು ಜೋಡಿಸಿದ್ದರಿಂದಲೂ ಅನುಕೂಲವಾಗಿದೆ. ಐದು ಪತ್ರಗಳಿಗೆ ಉತ್ತರಿಸದವರು ಬಿಲ್ ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ನೋಡಿದ ಅರ್ಧ ಗಂಟೆಯಲ್ಲಿ ಕಾಗದ ಕಳುಹಿಸುತ್ತಾರೆ.

ನನ್ನ ತಕರಾರು ಇರುವುದು ಕಾಗದಪತ್ರ ಎಲ್ಲ ಸರಿಯಿದೆ ಎಂದು ಪರದೆಯ ಮೇಲೆ ಕಾಣುವ ಹಸಿರು ಗುರುತಿನ ಬಗ್ಗೆ. ಛಾವಣಿ ಕೆಲಸದ ಉಪಗುತ್ತಿಗೆದಾರರೊಬ್ಬರ ಪ್ರಮಾಣಪತ್ರ ಅಮೆರಿಕದಲ್ಲಿ ರೂಢಿಯಲ್ಲಿರುವ ಅಕಾರ್ಡ್ 25 ನಮೂನೆಯಲ್ಲಿ ಬಂದಿತ್ತು. ಮೊತ್ತ ಸರಿಯಿತ್ತು, ದಿನಾಂಕ ಸರಿಯಿತ್ತು, ಅವರ ಪಾಲಿಸಿಯ ರಕ್ಷಣೆ ನಮಗೂ ಉಂಟೆಂದು ಸೂಚಿಸುವ 'ಅಡಿಷನಲ್ ಇನ್ಶೂರ್ಡ್' ಚೌಕದಲ್ಲಿ ಗುರುತೂ ಇತ್ತು. ಸೇವೆ ಒಡನೆಯೇ ಹಸಿರು ತೋರಿಸಿತು. ಆದರೆ ಈ ಪತ್ರ ಕೇವಲ ಮಾಹಿತಿಗಾಗಿ, ಇದರಿಂದ ಪಡೆದವರಿಗೆ ಯಾವ ಹಕ್ಕೂ ಬರುವುದಿಲ್ಲ ಎಂದು ಅದೇ ನಮೂನೆಯ ತಲೆಭಾಗದಲ್ಲಿ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹಕ್ಕು ಬರುವುದು ಪಾಲಿಸಿಯ ಷರತ್ತುಗಳನ್ನು ಬದಲಿಸಲು ಅದಕ್ಕೆ ಅಂಟಿಸಿದ ತಿದ್ದುಪಡಿ ಪುಟದಿಂದ, ಅಂದರೆ ಎಂಡಾರ್ಸ್‌ಮೆಂಟಿನಿಂದ, ಮತ್ತು ಆ ಪುಟ ಕಡತದಲ್ಲಿ ಇರಲಿಲ್ಲ.

ಎರಡು ದಿನ ಬೆನ್ನುಹತ್ತಿದ ಮೇಲೆ ಏಜೆಂಟರು ಕಳುಹಿಸಿದ್ದು ಸಿಜಿ 20 10 ಎಂಬ ಎಂಡಾರ್ಸ್‌ಮೆಂಟ್ ಒಂದನ್ನೇ. ಅದರ ಈಗಿನ ಆವೃತ್ತಿಗಳು ಕೆಲಸ ನಡೆಯುತ್ತಿರುವ ಅವಧಿಗೆ ಮಾತ್ರ ಅನ್ವಯಿಸುತ್ತವೆ. ಮುಗಿದ ಕೆಲಸದಿಂದಾಗುವ ಹಾನಿಗೆ ಸಿಜಿ 20 37 ಎಂಬ ಇನ್ನೊಂದು ಎಂಡಾರ್ಸ್‌ಮೆಂಟ್ ಪ್ರತ್ಯೇಕವಾಗಿ ಬೇಕು. ಛಾವಣಿ ಸೋರುವುದು ಛಾವಣಿ ಹಾಕಿದವರು ಸಾಮಾನು ಕಟ್ಟಿಕೊಂಡು ಹೋದ ಮೇಲೆಯೇ ಅಲ್ಲವೇ? ಒಪ್ಪಂದದಲ್ಲಿ ನಾವು ಎರಡನ್ನೂ ಕೇಳಿದ್ದೆವು, ಒಂದು ಮಾತ್ರ ಇತ್ತು, ಗುರುತು ಮಾತ್ರ ಹಸಿರಾಗಿಯೇ ಉಳಿದಿತ್ತು. ಎತ್ತರದ ಕಟ್ಟಡಗಳಿಗೆ ಅಥವಾ ವಸತಿ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ ಎಂಬಂಥ ವಿನಾಯಿತಿಗಳಿದ್ದರೂ ಸಾಮಾನ್ಯವಾಗಿ ಅವು ಪ್ರಮಾಣಪತ್ರದಲ್ಲಿ ಕಾಣಿಸುವುದಿಲ್ಲವಾದ್ದರಿಂದ, ಅದನ್ನಷ್ಟೇ ಓದುವ ಸೇವೆಗೆ ಅವು ಗೊತ್ತಾಗುವಂತಿಲ್ಲ.

ಪಾಲಿಸಿ ನಡುವೆ ರದ್ದಾದರೆ ತಿಳಿಸುತ್ತೇವೆ ಎಂಬ ಈ ಸೇವೆಯವರ ಭರವಸೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಅಕಾರ್ಡ್ 25ರ ಹಳೆಯ ಆವೃತ್ತಿಯಲ್ಲಿ, ಪ್ರಮಾಣಪತ್ರ ಪಡೆದವರಿಗೆ ವಿಮಾ ಕಂಪನಿ ಮುಂಚಿತವಾಗಿ ತಿಳಿಸಲು ಯತ್ನಿಸುವುದಾಗಿ ಒಂದು ಸಾಲಿತ್ತು. 2009ರ ಪರಿಷ್ಕರಣೆಯಲ್ಲಿ ಅದು ಹೋಗಿ, ಪಾಲಿಸಿಯ ಷರತ್ತುಗಳಂತೆ ಸೂಚನೆ ಎಂದಾಯಿತು. ಷರತ್ತಿನಲ್ಲಿ ನಮ್ಮ ಹೆಸರಿಲ್ಲದಿದ್ದರೆ ನಮಗೆ ಸೂಚನೆಯಿಲ್ಲ, ಯಾರೂ ತಿಳಿಸದ ಸುದ್ದಿಯನ್ನು ಈ ಸೇವೆಯಾದರೂ ಎಲ್ಲಿಂದ ತಂದೀತು? ಕಂತು ಕಟ್ಟದೆ ರದ್ದಾದ ಪಾಲಿಸಿಯೊಂದು ನಮ್ಮ ಪರದೆಯಲ್ಲಿ ಆರು ವಾರ ಜೀವಂತವಾಗಿತ್ತು.

ಸಹಾಯವಾಣಿಯವರು ಸೌಜನ್ಯದಿಂದ ಮಾತನಾಡುತ್ತಾರೆ. ಎಂಡಾರ್ಸ್‌ಮೆಂಟಿನ ಪುಟ ಇಲ್ಲದಿದ್ದರೆ ಹಸಿರು ಕೊಡಬೇಡಿ ಎಂಬ ನಮ್ಮ ಕೋರಿಕೆಗೆ, ಅದು ಹೆಚ್ಚಿನ ಶುಲ್ಕದ ಯೋಜನೆಯಲ್ಲಿದೆ ಎಂದು ಉತ್ತರ ಬಂತು. ಮೂಲ ಯೋಜನೆಯಲ್ಲೇ ಇರಬೇಕಾದದ್ದು ಅದು.

ಇಷ್ಟಾದರೂ ಇನ್ನೊಂದು ವರ್ಷಕ್ಕೆ ಚಂದಾ ಕಟ್ಟಿದ್ದೇನೆ, ಏಕೆಂದರೆ ದಿನಾಂಕ ಕಾಯುವ ಕೆಲಸಕ್ಕೆ ಮತ್ತೆ ಎಕ್ಸೆಲ್ ಹಾಳೆಗೆ ಮರಳುವ ಧೈರ್ಯ ನನಗಿಲ್ಲ. ಛಾವಣಿ, ಜಲನಿರೋಧಕ ಲೇಪನ, ಅಗೆತ, ಅಟ್ಟಣಿಗೆ ಈ ನಾಲ್ಕು ಬಗೆಯ ಕೆಲಸಗಳಿಗೆ ಮಾತ್ರ ಎಂಡಾರ್ಸ್‌ಮೆಂಟಿನ ಪುಟಗಳನ್ನು ತರಿಸಿಕೊಂಡು ನಾನೇ ಕುಳಿತು ಓದುತ್ತೇನೆ. ಆ ಛಾವಣಿಯವರ ಸಿಜಿ 20 37 ಕೈಗೆ ಬಂದ ಮೇಲೆಯೇ ಅವರ ಕೊನೆಯ ಬಿಲ್ಲಿಗೆ ಸಹಿ ಹಾಕಿದೆ. ಪರದೆಯಲ್ಲಿ ಅಂದೂ ಏನೂ ಬದಲಾಗಲಿಲ್ಲ, ಅವರ ಹೆಸರಿನ ಮುಂದೆ ಮೊದಲಿನಿಂದಲೂ ಹಸಿರೇ ಇತ್ತು.