ನಾಪೋಕ್ಲಿನ ಮಳೆಗೆ ಕಿಟಕಿ ಗ್ರಿಲ್: ಸರಳು ಗಟ್ಟಿ, ಜಾಯಿಂಟ್ ಲೊಳಲೊಟ್ಟೆ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯ ಗ್ರಿಲ್‌ಗಳು ಕೆಲವು ಮಳೆಗಾಲ ಕಂಡಿವೆ. 12 ಎಂಎಂ ಚೌಕ ಸರಳು, ಎಲ್ಲರ ಮನೆಯದೇ ಡಿಸೈನ್. ಹಾಕಿಸಿದ್ದು ಕಳ್ಳರಿಗಿಂತ ಹೆಚ್ಚಾಗಿ ಮಂಗಗಳಿಗೆ. ಆ ಲೆಕ್ಕದಲ್ಲಿ ದೂರಿಲ್ಲ.

ತಲೆನೋವು ಜಾಯಿಂಟ್‌ನದು. ಕಣ್ಣಿಗೆ ಬೀಳುವ ಬದಿಗೆ ತುಂಬು ಬೆಸುಗೆ, ಮೇಲೆ ಗ್ರೈಂಡರ್ ಹೊಡೆದ ನುಣುಪು. ಹಿಂಬದಿಗೆ ಎರಡು ಚುಕ್ಕಿ ಬೆಸುಗೆ (ಟ್ಯಾಕ್), ಅಷ್ಟೇ. ಸರಳು ಪಟ್ಟಿಗೆ ಕೂರುವ ಆ ಸಂದಿಗೆ ಬ್ರಶ್ ಹೋಗುವುದಿಲ್ಲ, ನೀರು ಹೋಗುತ್ತದೆ; ಜೂನ್‌ನಲ್ಲಿ ಹೊಕ್ಕರೆ ಸೆಪ್ಟೆಂಬರ್ ತನಕ ಆರುವ ಮಾತಿಲ್ಲ. ಕಕ್ಕಡ (ಆಟಿ ತಿಂಗಳು) ಬರುವಷ್ಟರಲ್ಲಿ ಗೋಡೆ ಮೇಲೆ ಕೆಂಪು ಗೆರೆ. ಕೆಲವೆಡೆ ಬೆಸುಗೆ ಮೇಲೆ ಕಟ್ಟುವ ಕಿಟ್ಟ (ಸ್ಲ್ಯಾಗ್) ಕುಟ್ಟಿ ತೆಗೆಯದೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದಿದ್ದರು. ಗಾಜಿನಂಥ ಆ ಹೊಪ್ಪಳೆ ಉದುರಿದಾಗ ಬಣ್ಣವೂ ಜೊತೆಗೇ ಬಂತು. ಗ್ರಿಲ್ ಮಾಡಿದವರನ್ನು ಕೇಳಿದರೆ, "ಮಳೆ ಊರಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಇರುತ್ತಾ?" ಸರಳಿನ ನಡುಭಾಗ ಇನ್ನೂ ಹೊಸದರಂತಿದೆಯಲ್ಲ ಮಾರಾಯ್ರೆ, ಅದೇನು ಕೊಡೆ ಹಿಡಿದು ನಿಂತಿತ್ತೇ?

ರೇಟು ಕೆಜಿ ಲೆಕ್ಕದಲ್ಲಿ. ಮೀಟರಿಗೆ 10 ಎಂಎಂ ಸರಳು ಮುಕ್ಕಾಲು ಕೆಜಿ ಚಿಲ್ಲರೆ, 12 ಎಂಎಂ ಕೆಜಿ ದಾಟುತ್ತದೆ. ದಪ್ಪ ಸರಳಿನಿಂದ ಅವರಿಗೆ ದುಡ್ಡು ಹುಟ್ಟುತ್ತದೆ, ಹಿಂಬದಿ ಬೆಸುಗೆಗೆ ವೆಲ್ಡಿಂಗ್ ರಾಡು, ಕರೆಂಟು, ಹೊತ್ತು ಎಲ್ಲ ಖರ್ಚೇ. ಜಿಐ (ಸತು ಲೇಪಿಸಿದ ಕಬ್ಬಿಣ) ಹಾಕಿಸಿ ಅನ್ನುವವರಿದ್ದಾರೆ. ಬೆಸುಗೆಯ ಕಾವಿಗೆ ಸತು ಸುಟ್ಟುಹೋಗುವುದೂ ಜಾಯಿಂಟ್‌ನಲ್ಲೇ. ಅಲ್ಲಿಗೆ ಜಿಂಕ್ ಪೇಂಟ್ ಹಚ್ಚದಿದ್ದರೆ ಕಥೆ ಅದೇ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನಮ್ಮ ಕಾಫಿ ಹಣಕ್ಕೆ ಎಟುಕಲಿಲ್ಲ.

ಈಗ ಬೆಳಗ್ಗೆ ಬೆಲ್ಲದ ಕಾಫಿ ಹಿಡಿದು, ಹಳೇ ಲುಂಗಿ ತುಂಡಿನಲ್ಲಿ ಕೆಳಪಟ್ಟಿಗೆ ಸಾಲಾಗಿ ಜೋತ ಹನಿ ಒರೆಸುವುದು ನನ್ನ ಪಾಲಿನ ಕೆಲಸ. ಬೈಯುತ್ತಲೇ ಶುರುವಾದದ್ದು, ಈಗ ಬಿಟ್ಟರೆ ದಿನ ಸರಿಯಿಲ್ಲ ಅನಿಸುತ್ತದೆ. ಅಡುಗೆಮನೆಯ ಹೊರಚಾಚಿದ ಬಾಕ್ಸ್ ಗ್ರಿಲ್‌ಗೆ, ಗಾಳಿಗೆ ಬಿದ್ದ ಕೊಂಬೆಯ ಸೀತಾಳೆ ದಂಡೆ (ಕಾಡಿನ ಆರ್ಕಿಡ್) ಕಟ್ಟಿದ್ದೆವು. ಬೇರು ಸರಳನ್ನೇ ತಬ್ಬಿಕೊಂಡು ಮೇ ಕೊನೆಗೆ ಹೂ ಗೊಂಚಲು ಇಳಿಬಿಟ್ಟಿತು! ಮಲಗುವ ಕೋಣೆಯ ಒಂದು ಗ್ರಿಲ್‌ಗೆ ಕೀಲು ಹಾಕಿ ತೆರೆಯುವಂತೆ ಮಾಡಿಕೊಟ್ಟದ್ದೂ ಒಳ್ಳೆಯದೇ. ಬೆಂಕಿ ಬಿದ್ದರೆ ಹೊರಬರಲು ದಾರಿ ಬೇಕಲ್ಲ.

ಒಟ್ಟು ಗ್ರಿಲ್ ಕೆಲಸಕ್ಕೆ ಐದಕ್ಕೆ ಎರಡೂವರೆ ಅಂಕ. ಕಾಫಿ ಕೊಯ್ಲು ಮುಗಿದ ಮೇಲೆ ಸ್ಕ್ರೂ ಬಿಚ್ಚಿ ಎಲ್ಲವನ್ನೂ ಬೇರೆಯವರ ಹತ್ತಿರ ಹಿಂಬದಿ ತುಂಬು ಬೆಸುಗೆ ಮಾಡಿಸುತ್ತೇನೆ, ಪ್ರೈಮರ್ ಬಳಿಯುವ ಮುಂಚೆ ನಾನೇ ನೋಡುತ್ತೇನೆ. ಅಡುಗೆಮನೆಯದಕ್ಕೆ ಮಾತ್ರ ಮನೆಯವಳು ಕೈ ಹಚ್ಚಲು ಬಿಡುವುದಿಲ್ಲವಂತೆ.